ಹಳದಿ ಊಟ, ಜಾಣ ಕಿವುಡು

ಆ ಮನೆಯ ಅತ್ತೆ ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಗೊತ್ತುಮಾಡಿದವರು ಮಾವ. ಮನೆಯ ಮುಂಭಾಗದಲ್ಲೇ ಅವರ ಕ್ಷೌರದ ಅಂಗಡಿ. ಕುತ್ತಿಗೆಗೆ ಬಟ್ಟೆ ಕಟ್ಟಿದ ಮೇಲೆ ಗಿರಾಕಿ ಎದ್ದು ಹೋಗುವ ಹಾಗಿಲ್ಲ, ಮಾವನ ಬಾಯಿ ನಿಲ್ಲುವ ಹಾಗಿಲ್ಲ.

"ಮದುವೆ ಆದಾಗಿಂದ ನೋಡ್ತಿದೀನಿ, ನನ್ನ ಒಂದು ಮಾತು ಅವಳು ಕೇಳಿದ್ರೆ ಕೇಳಿ" ಎಂದು ಕತ್ತರಿ ಆಡಿಸುತ್ತ ಹೇಳುವರು. ಗಿರಾಕಿಗಳು ನಗುವರು. ಅವರವರ ಮನೆಯಲ್ಲೂ ಅದೇ ಕತೆ.

ಸೊಸೆಗೆ ಮಾತ್ರ ನಗು ಬರುತ್ತಿರಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸದವಳು, ಈಗ ಹೆರಿಗೆ ರಜೆಯಲ್ಲಿದ್ದಳು. ಮಗುವನ್ನು ಅತ್ತೆಯ ವಶಕ್ಕೆ ಬಿಟ್ಟು ತರಕಾರಿಗೋ ಔಷಧಿಗೋ ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ "ಹೋಗ್ಬರ್ತೀನಿ ಅತ್ತೆ" ಎನ್ನುವಳು. ಒಳಗಿನಿಂದ "ಬಾ" ಎಂಬ ಒಂದಕ್ಷರ ಬಂದದ್ದಿಲ್ಲ. ಅನ್ನ ಹಳಸಿದರೂ ಸಹಿಸಬಹುದು, ಕೂಗಿ ಹೇಳಿದ ಮಾತಿಗೆ ಉತ್ತರ ಬಾರದಿದ್ದರೆ ಸಹಿಸುವುದು ಕಷ್ಟ. ಹೋಗುವವರಿಗೆ ಬಾ ಎನ್ನದ ಮನೆ ಎಂಥ ಮನೆ ಎಂದು ಅವಳು ದಾರಿಯುದ್ದಕ್ಕೂ ಕುದಿಯುತ್ತ ನಡೆಯುವಳು.

ನಿಜ ಇಷ್ಟೇ. ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಹರೆಯವನ್ನೆಲ್ಲ ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಕಳೆದವಳು. ಆ ಗದ್ದಲದಲ್ಲಿ ಅರಚಿದರೂ ಪಕ್ಕದವಳಿಗೆ ಮುಟ್ಟುತ್ತಿರಲಿಲ್ಲ, ಹಾಗಾಗಿ ಹೆಂಗಸರೆಲ್ಲ ತುಟಿ ನೋಡಿ, ಕೈ ಆಡಿಸಿ ಮಾತಾಡುವುದನ್ನು ಕಲಿತಿದ್ದರು. ಗಿರಣಿ ಮುಚ್ಚಿ ಎಷ್ಟೋ ಕಾಲವಾದ ಮೇಲೆ ಗದ್ದಲ ತನ್ನ ಬಾಕಿ ವಸೂಲಿ ಮಾಡಿತು. ಪಾತ್ರೆ ಬಿದ್ದರೆ ಈಗಲೂ ಅತ್ತೆಗೆ ಗೊತ್ತಾಗುತ್ತದೆ. ಜನರ ಮಾತು ಮಾತ್ರ ನಾಲ್ಕು ಮನೆಯಾಚೆಯ ರೇಡಿಯೊದಂತೆ. ಎದುರಿಗೆ ನಿಂತು, ಬೆಳಕಿನಲ್ಲಿ ಮಾತಾಡಿದರೆ ಒಂದಕ್ಷರ ಬಿಡದೆ ಹಿಡಿಯುವಳು. ಬೆನ್ನ ಹಿಂದೆ ಮಾತಾಡಿದರೆ ದೇವರೇ ಗತಿ. ಊಟದ ಮೇಜಿನಲ್ಲಿ ಎಲ್ಲರ ಮುಖ ಕಾಣುವ ಕುರ್ಚಿಯೊಂದಿತ್ತು, ಅದನ್ನು ಅವಳು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅದಕ್ಕೂ ದರ್ಪ ಎಂದು ಹೆಸರು ಬಂದಿತ್ತು.

ಹೇಳಿಕೊಳ್ಳಬಹುದಿತ್ತಲ್ಲ ಎಂದರೆ, ಹೇಗೆ ಹೇಳುತ್ತಾಳೆ? ಸೊಸೆಯ ರಜೆ ಮುಗಿಯುತ್ತ ಬಂದಿತ್ತು. ಮೊಮ್ಮಗಳು ಗುಬ್ಬಿ ಹಗಲೆಲ್ಲ ಯಾರ ಹತ್ತಿರ ಇರಬೇಕು ಎಂಬುದೇ ಆ ಮನೆಯ ದೊಡ್ಡ ಪ್ರಶ್ನೆ. ಕಿವುಡಿಯ ಮಡಿಲಿಗೆ ಹಸುಗೂಸನ್ನು ಯಾರು ಹಾಕುತ್ತಾರೆ?

*

ರಜೆಯಲ್ಲಿ ಗೋಡೆ ನೋಡಿ ನೋಡಿ ಬೇಸತ್ತ ಸೊಸೆ ಒಂದು ಹೊಸ ಪದ್ಧತಿ ಶುರುಮಾಡಿದ್ದಳು. ಆಗೊಂದು ಈಗೊಂದು ಭಾನುವಾರ ಅಂಗಡಿಯ ಗೆಳತಿಯರನ್ನೂ ಮನೆಯವರನ್ನೂ ಕೂಡಿಸಿ ಊಟ. ಪ್ರತಿ ಊಟಕ್ಕೂ ಒಂದು ಕಟ್ಟಳೆ. ಮಾವ ಅದಕ್ಕೆ ಸೋಗಿನೂಟ ಎಂದು ಹೆಸರಿಟ್ಟರು.

ಮೊದಲನೆಯದು ಬಿಳಿ ಊಟ. ಬಿಳಿ ಬಟ್ಟೆ, ಬಿಳಿ ಮೇಜುಹಾಸು, ಅನ್ನ, ಮೊಸರು, ಮೂಲಂಗಿ, ಹೂಕೋಸು. ಎಲ್ಲರೂ ಕೂತ ಮೇಲೆ ಅತ್ತೆ ದೊಡ್ಡ ಬಟ್ಟಲು ತುಂಬ ಬೀಟ್‌ರೂಟ್ ತುರಿದು ತಂದು ನಡುವೆ ಇಟ್ಟಳು. ಕಟ್ಟಳೆಯೇನೆಂದು ಸೊಸೆ ಹಿಂದಿನ ದಿನ ಹೇಳಿದ್ದೇನೋ ನಿಜ, ಆದರೆ ಹೇಳಿದ್ದು ಅತ್ತೆಯ ಬೆನ್ನಿಗೆ. ಬಿಳಿ ಹಾಸಿನ ಮೇಲೆ ಆದ ಕೆಂಪು ಕಲೆ ಎಷ್ಟು ಒಗೆದರೂ ಹೋಗಲಿಲ್ಲ.

"ಬೇಕಂತಾನೇ ಮಾಡಿದ್ರು" ಎಂದಳು ಸೊಸೆ ಗಂಡನಿಗೆ.

"ಅಮ್ಮಂಗೆ ಬೀಟ್‌ರೂಟ್ ಇಷ್ಟ ಕಣೇ."

"ನಿಂಗೆ ಎಲ್ಲಾ ಇಷ್ಟ."

ಮಗ ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಇಳಿಸುವುದು ಅವನ ಕಸುಬು. ಮನೆಯಲ್ಲಿ ತಾನೇ ಸಿಕ್ಕಿಕೊಂಡಿದ್ದ, ಇಳಿಸುವವರು ಯಾರೂ ಇರಲಿಲ್ಲ.

ಇನ್ನೊಂದು ದಿನ ಹಾಲಿನ ರಂಪ. ಒಲೆಯ ಮೇಲೆ ಹಾಲಿಟ್ಟು, ಕಿಟಕಿಯ ಕಡೆ ತಿರುಗಿ ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಅತ್ತೆ, ಹಾಲು! ಅತ್ತೇ, ಉಕ್ತಿದೆ!"

ಅತ್ತೆ ಅಲುಗಲಿಲ್ಲ. ಸೊಸೆ ಗುಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಓಡಿಬಂದು ಒಲೆ ಆರಿಸುವಷ್ಟರಲ್ಲಿ ಅರ್ಧ ಹಾಲು ಕಟ್ಟೆಯ ಮೇಲಿತ್ತು. ಅವಳು ಅತ್ತೆಯ ಎದುರಿಗೆ ಬಂದು ನಿಂತಳು.

"ಅಷ್ಟು ಕೂಗಿದ್ದು ಕೇಳಿಸ್ಲಿಲ್ವಾ?"

ಈಗ ತುಟಿ ಕಂಡಿತು. ಅತ್ತೆ ಒಲೆಯತ್ತ ಒಮ್ಮೆ ನೋಡಿದಳು. "ಕೇಳಿಸ್ತು. ಉಕ್ಕೋ ಹಾಲಿಗೆ ಉಕ್ಕಬೇಡ ಅಂತ ಕೈ ಮುಗೀಲಾ?"

"ಜಾಣ ಕಿವುಡು!" ಎಂದು ಸೊಸೆ ಎದುರಿಗೇ ಅಂದುಬಿಟ್ಟಳು. ಅಂದ ಮೇಲೆ ಅವಳಿಗೇ ಗಾಬರಿಯಾಯಿತು. ಆದರೆ ಅತ್ತೆಯ ಮುಖದಲ್ಲಿ ಸಿಟ್ಟಿನ ಬದಲು ನಿರಾಳ ಕಂಡದ್ದು ಅವಳಿಗೆ ಅರ್ಥವಾಗಲಿಲ್ಲ. ಕೇಳಿಸಿಯೂ ಕೇಳಿಸದಂತೆ ನಟಿಸುವವಳು ಎಂಬ ಹೆಸರು ಅತ್ತೆಗೆ ಕಿವುಡಿ ಎಂಬುದಕ್ಕಿಂತ ವಾಸಿಯೆನಿಸಿತ್ತು. ಅಂದಿನಿಂದ ಅವಳು ಆ ಹೆಸರನ್ನು ಸೆರಗಿನಂತೆ ಹೊದ್ದುಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಅದೇ ಚರ್ಚೆ.

"ನಮ್ಮ ಅಂಗಡಿ ಹಿಂದುಗಡೇನೇ ಒಂದು ಡೇ ಕೇರ್ ಇದೆ" ಎಂದಳು ಸೊಸೆ.

"ಮಗು ನನ್ನ ಹತ್ರ ಇರುತ್ತೆ" ಎಂದಳು ಅತ್ತೆ.

"ಹೇಳಿದ ಮಾತು ಕೇಳೋರಾದ್ರೆ ಬಿಡಬಹುದಿತ್ತು."

"ಇವನನ್ನ ಬೆಳೆಸಿದ್ದು ಯಾರು?"

"ಬೆಳೆಸಿದ್ದು ಕಾಣ್ತಿದೆಯಲ್ಲ" ಎಂದು ಮಾವ ಮಗನ ಕಡೆ ಕೈ ತೋರಿಸಿದರು. "ಊಟಕ್ಕೆ ಕೂತು ಇಷ್ಟು ಹೊತ್ತಾಯ್ತು, ಬಾಯಿ ಬಿಟ್ಟಿದಾನಾ ನೋಡು."

"ಮನೆ ತುಂಬಾ ದಾರ ಬೇರೆ" ಎಂದು ಸೊಸೆ ಮೇಜಿನ ಕೆಳಗಿನಿಂದ ನೀಲಿ ನೂಲಿನ ತುಂಡೊಂದನ್ನು ಎತ್ತಿ ಹಿಡಿದಳು. "ಗುಬ್ಬಿ ಬಾಯಿಗೆ ಹಾಕ್ಕೊಂಡ್ರೆ ಏನ್ಗತಿ?"

ಅತ್ತೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಬೆರಳಿಗೆ ಸುತ್ತಿಕೊಂಡಳು.

*

ಕೆಲಸಕ್ಕೆ ಮರಳುವ ಮುನ್ನ ಕೊನೆಯದೊಂದು ಊಟ ಎಂದು ಸೊಸೆ ನಿರ್ಧರಿಸಿದಳು. ಈ ಸಲ ಅತ್ತೆಯ ಗೆಳತಿಯರೂ ಬರಲಿ, ಜಗಳಕ್ಕೆ ಒಂದು ಪೂರ್ಣವಿರಾಮ ಬೀಳಲಿ ಎಂಬ ಒಳ್ಳೆಯ ಬುದ್ಧಿಯೇ ಅವಳಿಗಿತ್ತು. ಒಳ್ಳೆಯ ಬುದ್ಧಿ ಬಂದಾಗ ಬಾಯಿ ಖಾಲಿ ಇರಬೇಕು. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ, ಹಲ್ಲಿನಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು ಅವಳು ಹೇಳಿದಳು:

"ಬರೋ ಭಾನುವಾರ ಹಳದಿ ಊಟ ಅತ್ತೆ. ನಿಮ್ಮ ಕಡೆಯೋರನ್ನೂ ಕರೀರಿ."

ಕ್ಲಿಪ್ಪು ಕಚ್ಚಿದ ತುಟಿಗೆ ಹಳದಿಯೂ ಒಂದೇ, ಹಳೇದೂ ಒಂದೇ.

"ಹಳೇದಾ?" ಎಂದಳು ಅತ್ತೆ.

"ಹೂಂ, ಹಳದಿ."

"ತರೋದೂ ಹಳೇದೇನಾ?"

"ತರೋದು, ಉಡೋದು, ಎಲ್ಲಾ."

ಗಾಳಿಗೆ ಒದ್ದೆ ಚಾದರ ಪಟಪಟ ಬಡಿಯುತ್ತಿತ್ತು. ಸೊಸೆಯ ಕಿವಿ ಚೆನ್ನಾಗಿಯೇ ಇತ್ತು, ಆದರೆ ತಮಗೆ ಬೇಕಾದದ್ದನ್ನೇ ಕೇಳಿಸಿಕೊಳ್ಳುವ ಕಿವಿ ಎಲ್ಲರಿಗೂ ಇರುತ್ತದೆ.

ಅತ್ತೆಗೆ ಮೊದಲು ಮೈ ಉರಿಯಿತು. ಕೆಳಗಿಳಿದು ಬಂದವಳೇ ಗಂಡನ ಅಂಗಡಿಯ ಬಾಗಿಲಲ್ಲಿ ನಿಂತಳು. "ಹಳೇದರ ಊಟ ಅಂತೆ. ನಮ್ಮಂಥ ಹಳಬರನ್ನ ಕರೆದು ಹಳೇದು ಬಡಿಸ್ತಾಳಂತೆ. ತಂಗಳು ಅನ್ನಲಿಲ್ವಲ್ಲ, ಪುಣ್ಯ!"

ಹಳದಿ ಊಟವೆಂದು ಮಗ ಬೆಳಿಗ್ಗೆಯೇ ತಂದೆಗೆ ಹೇಳಿದ್ದ. ಆದರೆ ಮಾವ ಆಗ ತಾವೇ ಏನೋ ಹೇಳುತ್ತಿದ್ದರು. "ನಂಗೇನು ಕಷ್ಟ? ನನ್ನ ಹತ್ರ ಇರೋದೆಲ್ಲ ಹಳೇದೇ, ನಿನ್ನನ್ನೂ ಸೇರಿಸಿ" ಎಂದು ಗಿರಾಕಿಯನ್ನು ನಗಿಸಿದರು. ನಗುವಾಗ ಗಿರಾಕಿಯ ಮೀಸೆ ಒಂದು ಕಡೆ ಗಿಡ್ಡವಾಯಿತು.

ಸಂಜೆಯ ಹೊತ್ತಿಗೆ ಅತ್ತೆಯ ಸಿಟ್ಟು ಇಳಿದು, ಹಳೇದು ಅಂದರೆ ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸಿತು. ಟ್ರಂಕು ತೆಗೆದು ಗಿರಣಿಯ ನೀಲಿ ಕೋಟು ಹುಡುಕಿದಳು, ಒಗೆದಳು, ಇಸ್ತ್ರಿ ಹಾಕಿದಳು. ಫೋನಿನ ಸಹವಾಸ ಅವಳಿಗೆ ಆಗದು. ಹಾಗಾಗಿ ತನ್ನ ತಂಗಿಯ ಮನೆಗೂ, ಗಿರಣಿಯ ಗೆಳತಿಯರ ಮನೆಗಳಿಗೂ ತಾನೇ ನಡೆದು ಹೋಗಿ, ಮುಖಾಮುಖಿ ಕೂತು ಹೇಳಿದಳು. "ನನ್ನ ಸೊಸೆ ಕರೀತಿದಾಳೆ. ಹಳೇದೇ ತರಬೇಕು, ಹಳೇದೇ ಉಡಬೇಕು." ಸೊಸೆ ಎನ್ನುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅದನ್ನು ಸೊಸೆ ಕೇಳಿದ್ದರೆ ಚೆನ್ನಾಗಿತ್ತು.

*

ಭಾನುವಾರ ಸಂಜೆ ಮನೆ ಹಳದಿಯಾಗಿತ್ತು. ಹಳದಿ ಮೇಜುಹಾಸು, ಕುಂಬಳಕಾಯಿ ಸೂಪು, ಬೇಯಿಸಿದ ಜೋಳ, ಅನಾನಸು, ನಿಂಬೆ ಶರಬತ್ತು, ಹಳದಿ ಕೇಕು. ಸಾಲದೆಂದು ಸೊಸೆ ಬಲ್ಬುಗಳಿಗೂ ಹಳದಿ ಕಾಗದ ಸುತ್ತಿ, ಟ್ಯೂಬ್‌ಲೈಟು ಆರಿಸಿದ್ದಳು. ಅಂಗಡಿಯ ಗೆಳತಿಯರು ಹಳದಿ ಉಟ್ಟು ಬಂದು "ಎಷ್ಟು ಚೆಂದ!" ಎಂದರು.

ಆಮೇಲೆ ಅತ್ತೆಯ ಕಡೆಯವರು ಬಂದರು. ತಂಗಿ ತನ್ನ ಮದುವೆಯ ಕಾಲದ ಸೀರೆ ಉಟ್ಟಿದ್ದಳು. ಅದರ ವಾಸನೆಗೆ ಕನ್ನಡಕ ಅಂಗಡಿಯ ಕ್ಯಾಶಿಯರ್ ಸೀನತೊಡಗಿದಳು. ಗಿರಣಿಯಲ್ಲಿ ನೂಲಿನ ಉರುಳೆ ಹೊರುತ್ತಿದ್ದ, ಎಲ್ಲರೂ ಬಾಬಿನಕ್ಕ ಎಂದು ಕರೆಯುವ ಮುದುಕಿ ಕೋಟು ತೊಟ್ಟು, ಕೊರಳಿಗೆ ಪಾಳಿಯ ಸೀಟಿ ನೇತುಹಾಕಿಕೊಂಡು ಬಂದಳು. ಇನ್ನೊಬ್ಬಳು ಹಿಡಿ ಕಳಚಿದ ಬಾಣಲೆ ತಂದಿದ್ದಳು. ಮತ್ತೊಬ್ಬಳ ಡಬ್ಬಿಯಲ್ಲಿ ಮೊನ್ನೆಯ ಬ್ರೆಡ್ಡು.

ಸೊಸೆ ಬ್ರೆಡ್ಡನ್ನು ನೋಡಿದಳು. ಬಾಣಲೆಯನ್ನು ನೋಡಿದಳು.

"ಇದೆಲ್ಲ ಏನು?"

"ಹಳೇದು ತನ್ನಿ ಅಂತ ನಿನ್ನ ಅತ್ತೇನೇ ಮನೆ ಮನೆಗೆ ಬಂದು ಹೇಳಿದ್ಲಲ್ಲಮ್ಮ!" ಎಂದಳು ತಂಗಿ.

ಗೆಳತಿಯರು ಮುಖ ಮುಖ ನೋಡಿಕೊಂಡರು. ಸೊಸೆಯ ಕಿವಿ ಕೆಂಪಾಯಿತು, ಹಳದಿ ಬೆಳಕಿನಲ್ಲಿ ಯಾರಿಗೂ ಕಾಣಲಿಲ್ಲ ಅಷ್ಟೇ.

ಆ ಬೆಳಕು ಅತ್ತೆಯನ್ನು ಮುಳುಗಿಸಿತ್ತು. ಯಾರ ತುಟಿಯೂ ಕಾಣದು. ಎಲ್ಲರೂ ಬಾಯಾಡಿಸುತ್ತಿದ್ದಾರೆ, ಒಂದೂ ಹಿಡಿಗೆ ಸಿಗದು. ಅವಳು ಸುಮ್ಮನೆ ಕೂರಲಾರದೆ ಅಡುಗೆಮನೆಗೂ ಮೇಜಿಗೂ ಓಡಾಡಿದಳು, ಇಟ್ಟ ಚಮಚಗಳನ್ನೇ ಮತ್ತೆ ಇಟ್ಟಳು. ಕ್ಯಾಶಿಯರ್ "ಮೊಮ್ಮಗಳು ಎಲ್ಲಿ ಅಜ್ಜಿ?" ಎಂದು ಕೇಳಿದಳು. ತಾನು ತೊಟ್ಟ ಗಿರಣಿ ಕೋಟಿನ ಮಾತಿರಬೇಕೆಂದು ಅತ್ತೆ "ಒಗೆದು ಬಿಸಿಲಿಗೆ ಹಾಕಿದ್ದೆ, ಚೆನ್ನಾಗಿ ಒಣಗಿತು" ಎಂದಳು. ನಗು ಎದ್ದಿತು. ಎಲ್ಲರೂ ನಕ್ಕದ್ದು ಕಂಡು ಅವಳೂ ನಕ್ಕಳು.

ಸೊಸೆ ಅವಳ ಹಿಂದೆಯೇ ಅಡುಗೆಮನೆಗೆ ನುಗ್ಗಿದಳು. "ಎಲ್ಲರ ಮುಂದೆ ನನ್ನ ಮರ್ಯಾದೆ ಕಳೀಬೇಕು ಅಂತಾನೇ ಮಾಡಿದ್ರಿ ಅಲ್ವಾ? ಆಯ್ತು. ನಾಳೇನೇ ಮಗೂನ ಡೇ ಕೇರಿಗೆ ಸೇರಿಸ್ತೀನಿ. ಮುಗೀತು."

"ಆಯ್ತು, ಬಡಿಸೋಣ" ಎಂದಳು ಅತ್ತೆ ಮೆತ್ತಗೆ.

ಸೊಸೆ ಬಿಸಿ ಸೂಪಿನ ಪಾತ್ರೆ ಎತ್ತಿಕೊಂಡು ಹೊರಗೆ ಬಂದಳು.

ಆಗ ಗುಬ್ಬಿ ಅತ್ತಿತು. ಊಟದ ಕೋಣೆಗೆ ತಾಗಿದ ಸಣ್ಣ ಕೋಣೆಯಲ್ಲಿ ತೊಟ್ಟಿಲು. ಅದರ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು, ಬಟ್ಟಲುಗಳೊಂದಿಗೆ ಹೊರಬಂದ ಅತ್ತೆ ನಿಂತಿದ್ದಳು.

"ಅತ್ತೆ, ಮಗು" ಎಂದಳು ಸೊಸೆ, ಎರಡು ಕೈಯಲ್ಲೂ ಪಾತ್ರೆ.

ಗುಬ್ಬಿಯ ಅಳು ಏರಿತು. ಕೂಸಿನ ಅಳು ಬರುಬರುತ್ತ ಕಿರುಚಾಟವಾಯಿತು. ಅತ್ತೆ ಬಟ್ಟಲುಗಳನ್ನು ಸಾಲಾಗಿ ಜೋಡಿಸಿ, ಎಲ್ಲ ಸರಿಯಿದೆಯೇ ಎಂಬಂತೆ ಜನರ ಕಡೆ ನೋಡಿ ನಸುನಕ್ಕಳು. ಕೋಣೆಯಲ್ಲಿ ಒಬ್ಬೊಬ್ಬರಾಗಿ ಎಲ್ಲರ ಮಾತೂ ನಿಂತಿತು. ಮಾವನ ಬಾಯಿ ಕೂಡ ಮುಚ್ಚಿತು. ಅಳುವೊಂದೇ ಉಳಿಯಿತು, ಅದಕ್ಕೆ ಬೆನ್ನು ಕೊಟ್ಟು ನಗುತ್ತಿದ್ದವಳು ಅತ್ತೆಯೊಬ್ಬಳೇ.

ಬಾಬಿನಕ್ಕ ಎದ್ದಳು. ಅತ್ತೆಯ ಮುಖದ ಹತ್ತಿರಕ್ಕೆ ಹೋಗಿ, ತುಟಿ ಬಿಚ್ಚದೆ, ಎರಡು ತೋಳುಗಳನ್ನು ಮಡಿಸಿ ತೂಗಿ ತೋರಿಸಿದಳು. ಗಿರಣಿಯ ಸನ್ನೆ. ಮರುಕ್ಷಣ ಅತ್ತೆ ಬಟ್ಟಲು ಬಿಟ್ಟು ಒಳಗೆ ಓಡಿದಳು.

ಮಗ ಟ್ಯೂಬ್‌ಲೈಟು ಹಾಕಿದ. ಗುಬ್ಬಿಯನ್ನು ಎದೆಗವಚಿಕೊಂಡು ಬಂದ ಅತ್ತೆಯ ಎದುರಿಗೆ ಸೊಸೆ ನಿಂತಳು. ಅಂಗಡಿಯಲ್ಲಿ ಜನರ ಒಂದು ಕಣ್ಣು ಮುಚ್ಚಿಸಿ ಅಕ್ಷರ ಓದಿಸುವವಳು ಅವಳು. ಈಗ ಹಳದಿ ಕರವಸ್ತ್ರದಿಂದ ತನ್ನ ಬಾಯಿ ಮುಚ್ಚಿಕೊಂಡು ಏನೋ ಅಂದಳು. ಆಮೇಲೆ ಕರವಸ್ತ್ರ ತೆಗೆದು ಕೇಳಿದಳು:

"ಏನಂದೆ ಈಗ?"

ಅತ್ತೆ ಕರವಸ್ತ್ರವನ್ನು ನೋಡಿದಳು, ಮಗನನ್ನು ನೋಡಿದಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

"ಜಾಣ ಕಿವುಡು ಅಂತ ನೀನೇ ಅಂದಿದ್ದೆಯಲ್ಲ, ಹಾಗೇ ಇರಲಿ ಬಿಡೇ" ಎಂದಳು. "ಜಾಣ ಕಿವುಡಿ ಹತ್ರ ಆದ್ರೆ ಜಗಳ ಆಡ್ಕೊಂಡಾದ್ರೂ ಮಗು ಬಿಡ್ತಾರೆ. ಬರೀ ಕಿವುಡಿ ಹತ್ರ ಯಾರು ಬಿಡ್ತಾರೆ?"

ಸೊಸೆಗೆ ಕರುಣೆ ಬರಲಿಲ್ಲ, ಭಯ ಬಂತು. ಕರುಣೆಗಿಂತ ಮೊದಲು ಬರುವುದು ಅದೇ. "ಇಷ್ಟು ದಿನ ನಿಮ್ಮನ್ನ ನಂಬಿ ಬಿಟ್ಟು ಹೋಗ್ತಿದ್ನಲ್ಲ! ಅತ್ತು ಅತ್ತು ಉಸಿರು ಕಟ್ಟಿದ್ರೆ?"

"ಒಂದು ದಿನ ಅಳೋಕೆ ಬಿಟ್ಟಿಲ್ಲ." ಅತ್ತೆ ಅವಳ ಕೈ ಹಿಡಿದು ತೊಟ್ಟಿಲ ಬಳಿಗೆ ಎಳೆದುಕೊಂಡು ಹೋದಳು. ತೂಗುವ ತೊಟ್ಟಿಲ ಅಂಚಿಗೆ ನೀಲಿ ನೂಲು ಬಿಗಿದಿತ್ತು. ಅದರ ಇನ್ನೊಂದು ತುದಿ ಚಾಪೆಯ ಅಂಚಿನಡಿ ಸುರುಳಿ ಸುತ್ತಿಕೊಂಡಿತ್ತು. "ಇದು ನನ್ನ ಕಾಲ್ಬೆರಳಿಗೆ. ಅವಳು ಮಗ್ಗುಲಾದ್ರೂ ಎಳೀತದೆ. ನಿಮಗೆ ಅತ್ತ ಮೇಲೆ ಗೊತ್ತಾಗೋದು, ನನಗೆ ಅಳೋಕ್ಮುಂಚೆ. ಗಿರಣೀಲಿ ನೂಲು ಹರಿದ್ರೆ ಸದ್ದಿಗೆ ಕಾಯ್ತಿದ್ವಾ?"

"ಮತ್ತೆ ಇವತ್ತು?"

"ಇವತ್ತು ಜನ ಇದ್ರು. ಬೆರಳಿಗೆ ದಾರ ಕಟ್ಕೊಂಡು ಹೇಗೆ ಓಡಾಡ್ಲಿ? ನಾಚಿಕೆ ಆಯ್ತು."

ಸೊಸೆ ನೂಲನ್ನು ಎಳೆದು ನೋಡಿದಳು. ಗಂಟು ಬಿಗಿಯಾಗಿತ್ತು.

ಹೊರಗೆ ಮಾವ ಗೋಡೆಗೊರಗಿ ನಿಂತಿದ್ದರು. "ಒಂದು ಮಾತು ಕೇಳಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ನಲ್ಲೋ" ಎಂದರು ಮಗನಿಗೆ. ಬಾಬಿನಕ್ಕ ಪಾಳಿಯ ಸೀಟಿ ಊದಿದಳು. "ಊಟದ ಹೊತ್ತು! ಹಳೇದೋ ಹಳದಿಯೋ, ಸೂಪು ಆರೋಗ್ತಿದೆ." ಮೊನ್ನೆಯ ಬ್ರೆಡ್ಡನ್ನು ಹಳದಿ ಸೂಪಿನಲ್ಲಿ ಅದ್ದಿ ಮೊದಲು ತಿಂದವಳೂ ಅವಳೇ. ಗಟ್ಟಿ ಬ್ರೆಡ್ಡಿಗೆ ಅದೇ ಸರಿಯಾದ ಜೋಡಿ ಎಂದು ಆಮೇಲೆ ಎಲ್ಲರೂ ಒಪ್ಪಿದರು.

*

ಒಂದು ಊಟದಿಂದ ಮನೆ ಸರಿಹೋಗುವುದಿದ್ದರೆ ಲೋಕದಲ್ಲಿ ಜಗಳವೇ ಇರುತ್ತಿರಲಿಲ್ಲ. ಮುಂದಿನ ವಾರವೆಲ್ಲ ವಾಗ್ವಾದ. ಸೊಸೆ ರಾತ್ರಿ ಎದ್ದೆದ್ದು ಗಂಟು ಮುಟ್ಟಿ ನೋಡುವಳು. ಕಿವಿಗೆ ಮಿಷನ್ನು ಹಾಕಿಸಿಕೊಳ್ಳಿ ಎಂದಳು. ಅತ್ತೆ ಒಲ್ಲೆ ಎಂದಳು.

"ಮಿಷನ್ನು ಹಾಕ್ಕೊಂಡ್ರೆ ಮುದುಕಿ ಥರ ಕಾಣ್ತೀನಿ."

"ಅಜ್ಜಿ ಆಗಿದೀರಿ, ಇನ್ನೇನು ಹುಡುಗಿ ಥರ ಕಾಣಬೇಕಾ? ಇಲ್ಲ ಅಂದ್ರೆ ಡೇ ಕೇರ್."

ಕೊನೆಗೆ ಎಲ್ಲರೂ ಕಿವಿ ಮಿಷನ್ನಿನ ಅಂಗಡಿಗೆ ಹೋದರು. ಅಳತೆಗೆಂದು ಅಲ್ಲಿಯವನು ಒಂದು ಮಿಷನ್ನನ್ನು ಅತ್ತೆಯ ಕಿವಿಗೆ ಸಿಕ್ಕಿಸಿದ. ಪಕ್ಕದಲ್ಲಿ ಮಾವ ಎಂದಿನಂತೆ ಏನೋ ಹೇಳುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ಅವರನ್ನೇ ನೋಡಿದಳು.

"ಇವರು ಇಷ್ಟೊಂದು ಮಾತಾಡ್ತಾರಾ?" ಎಂದು ಸೊಸೆಯನ್ನು ಕೇಳಿದಳು.

ಮಿಷನ್ನು ತಯಾರಾಗಲು ಇನ್ನೂ ಒಂದು ವಾರ ಬೇಕಿತ್ತು. ಅಲ್ಲಿಯವರೆಗೆ ಸೊಸೆಯೇ ಒಂದು ಏರ್ಪಾಡು ಮಾಡಿದಳು. ತೊಟ್ಟಿಲು ಮಾವನ ಅಂಗಡಿಗೆ ತಾಗಿದ ಕೋಣೆಗೆ ಬಂತು, ನಡುವಿನ ಬಾಗಿಲು ಸದಾ ತೆರೆದಿರಬೇಕು. ನೂಲು ಅತ್ತೆಯದು, ಕಿವಿ ಮಾವನದು. ಗುಬ್ಬಿ ಮಲಗಿದ್ದಾಗ ಮಾವ ಮಾತಾಡಕೂಡದು.

"ಮಾತಿಲ್ಲದೆ ಕ್ಷೌರ ಮಾಡೋದು ಹೇಗೆ?" ಎಂದು ಮಾವ ಗೋಗರೆದರು. ಗಿರಾಕಿಗಳು ಮಾತ್ರ ಎಲ್ಲಿದ್ದರೋ ಏನೋ, ಹೆಚ್ಚಾಗಿ ಬರತೊಡಗಿದರು.

ಕೆಲಸಕ್ಕೆ ಮರಳುವ ದಿನ ಸೊಸೆಗೆ ಬೆಳಗಿನಿಂದ ಒಂದು ಕಡೆ ನಿಲ್ಲಲಾಗಲಿಲ್ಲ. ಬಾಟಲಿ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ಬೆನ್ನು ಮಾಡಿ ಚಪ್ಪಲಿ ಮೆಟ್ಟುತ್ತ ಅಭ್ಯಾಸಬಲದಿಂದ ಅಂದಳು:

"ಹೋಗ್ಬರ್ತೀನಿ ಅತ್ತೆ."

ಒಳಗಿನಿಂದ ಉತ್ತರ ಬರಲಿಲ್ಲ. ಮೆಟ್ಟಿಲಿಳಿದು ಗೇಟಿನವರೆಗೂ ಹೋದವಳು ಅಲ್ಲೇ ನಿಂತಳು. ಮಾವ ಅಂಗಡಿಯಿಂದ ಗಡಿಯಾರದ ಕಡೆ ಕೈ ತೋರಿಸಿದರು. ಅವಳು ತಿರುಗಿ, ಚಪ್ಪಲಿ ಕಾಲಲ್ಲೇ ಒಳಗೆ ಬಂದಳು.

ಅತ್ತೆ ತೊಟ್ಟಿಲಿನತ್ತ ಕಾಲು ಚಾಚಿ ಕೂತು ಗುಬ್ಬಿಯ ಬಟ್ಟೆ ಮಡಿಸುತ್ತಿದ್ದಳು. ಹೆಬ್ಬೆರಳಿನಲ್ಲಿ ನೀಲಿ ನೂಲು. ಸೊಸೆ ಎದುರಿಗೆ, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕುಕ್ಕರಗಾಲಲ್ಲಿ ಕೂತಳು.

"ಹೋಗ್ಬರ್ತೀನಿ ಅತ್ತೆ."

ಅತ್ತೆ ಅವಳ ತುಟಿ ನೋಡಿದಳು. ಆಮೇಲೆ ಕಣ್ಣು ನೋಡಿದಳು.

"ಬಾ" ಎಂದಳು. ಮಡಿಸಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಿಸುತ್ತ ಅಂದಳು: "ಇಷ್ಟು ದಿನ ಒಂದು ಮಾತೂ ಹೇಳದೆ ಹೊರಟುಹೋಗ್ತಿದ್ದೆ. ಇವತ್ತಾದ್ರೂ ಹೇಳಿದೆಯಲ್ಲ."

ಸೊಸೆ ತಾನು ಯಾವಾಗಲೂ ಬೆನ್ನು ಮಾಡಿ ಚಪ್ಪಲಿ ಮೆಟ್ಟುವ ಬಾಗಿಲ ಕಡೆ ತಿರುಗಿ ನೋಡಿದಳು. ಬೀದಿಯ ತುದಿಯಲ್ಲಿ ಅವಳ ಬಸ್ಸು ಬಂದು ನಿಂತು ಹೊರಟ ಸದ್ದು ಕೇಳಿಸಿತು. ಅವಳು ಕೂತೇ ಇದ್ದಳು.